ದಣಿವಿಲ್ಲದ ಇರುಳುಗಳು

ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರನನ್ನು ಊಹಿಸಿಕೊಳ್ಳಿ. ಸ್ವಭಾವತಃ ಮಿತಭಾಷಿ. ಒಂದು ವಾರದಿಂದ ರಾತ್ರಿ ಮೂರು ತಾಸಿಗಿಂತ ಹೆಚ್ಚು ಮಲಗಿಲ್ಲ, ಆದರೂ ದಣಿವಿಲ್ಲ. ಮಸೀದಿಯ ಅಂಗಳದಲ್ಲಿ ಎಡೆಬಿಡದೆ ಮಾತನಾಡುತ್ತಾನೆ, ಒಣದ್ರಾಕ್ಷಿ ಮಾರಿದ ಹಣವನ್ನು ಕಂಡಕಂಡವರಿಗೆ ಹಂಚುತ್ತಾನೆ, ವಿಜಯಪುರದಲ್ಲಿ ಎರಡೆರಡು ನಿವೇಶನಗಳಿಗೆ ಮುಂಗಡ ಕೊಡುತ್ತಾನೆ. ಮೊದಲು ಊರು ಅವನ ಔದಾರ್ಯವನ್ನು ಹೊಗಳುತ್ತದೆ. ಎರಡನೆಯ ವಾರ ಅದೇ ಊರು ಜಿನ್ನ್ ಹಿಡಿದಿದೆ ಎನ್ನುತ್ತದೆ. ಈ ಎರಡು ತೀರ್ಪುಗಳ ನಡುವೆ ಚಿಕಿತ್ಸೆಯ ದಿನಗಳು ಕಳೆದುಹೋಗುತ್ತವೆ.

ವೈದ್ಯಶಾಸ್ತ್ರವು ಇದನ್ನು ಉನ್ಮಾದವೆನ್ನುತ್ತದೆ. ಬೈಪೋಲಾರ್ ಕಾಯಿಲೆಯ ಒಂದು ಮುಖ, ಖಿನ್ನತೆ ಅದರ ಇನ್ನೊಂದು ಮುಖ. ಜ್ವರ ಬಂದವನು ನರಳುತ್ತಾನೆ. ಇವನಾದರೋ, ಜೀವಮಾನದಲ್ಲಿ ಇಷ್ಟು ಚೆನ್ನಾಗಿರಲಿಲ್ಲ ಎನ್ನುತ್ತಾನೆ. ಆದ್ದರಿಂದ ಒಮ್ಮೆ ಇದಕ್ಕೆ ತುತ್ತಾದವರು ತಮ್ಮ ಉಲ್ಲಾಸವನ್ನಲ್ಲ, ನಿದ್ದೆಯನ್ನು ಅಳೆಯಬೇಕು. ನಿದ್ದೆ ಬಾರದೆ ಬಳಲುವುದು ಬೇರೆ, ನಿದ್ದೆಯೇ ಬೇಡವೆನಿಸುವುದು ಬೇರೆ. ಆಲೋಚನೆಗಳು ಒಂದನ್ನೊಂದು ಅಟ್ಟಿಕೊಂಡು ಬರುವುದು, ಮನೆಯವರೆಲ್ಲ ಮಂದಮತಿಗಳಂತೆ ಕಾಣುವುದು, ತಡೆದವರ ಮೇಲೆ ಕೆರಳುವುದು, ದೇವನು ತನಗೊಬ್ಬನಿಗೇ ಮಹತ್ಕಾರ್ಯವೊಂದನ್ನು ವಹಿಸಿದ್ದಾನೆಂಬ ನಂಬಿಕೆ ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ಆರಾಧನೆಯನ್ನು ನಾವು ಸಂಶಯಿಸುತ್ತಿಲ್ಲ. ವರ್ಷಗಳಿಂದ ತಹಜ್ಜುದ್ ಮಾಡುವ ಹಿರಿಯರು ಮಧ್ಯಾಹ್ನ ಕೈಲೂಲಕ್ಕೆ ಒರಗುತ್ತಾರಲ್ಲವೇ?

ರಮಝಾನ್‌ನಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಸಹರಿ ಮತ್ತು ತರಾವೀಹ್‌ಗಳಿಂದ ನಿದ್ದೆಯ ಕ್ರಮ ಬದಲಾಗುತ್ತದೆ. ಲಿಥಿಯಂ ಸೇವಿಸುವವರ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯಕರವಾಗಿ ಏರಬಹುದು. ವೈದ್ಯರನ್ನು ಮೊದಲ ಉಪವಾಸಕ್ಕೆ ಮುಂಚೆಯೇ ಕೇಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ರೋಗಿಗೆ ಕುರ್‌ಆನ್ ನೀಡಿದ ರಿಯಾಯಿತಿ ಕಾಲು ಮುರಿದವನಿಗೆ ಮಾತ್ರ ಮೀಸಲಲ್ಲ.

ತಾಯಿತ ಕಟ್ಟಿ, ಕೋಣೆಯಲ್ಲಿ ಕೂಡಿಹಾಕಿ, ಕೊನೆಗೆ ದೂರದ ದರ್ಗಾದಲ್ಲಿ ಬಿಟ್ಟು ಬರುವವರು ನಮ್ಮಲ್ಲಿದ್ದಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂತಹವರನ್ನಿರಿಸಿದ್ದ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಸತ್ತರು. ಓಡಲು ಅವರಿಗೆ ಸಾಧ್ಯವಿರಲಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಸರಪಳಿಯನ್ನು ನಿಷೇಧಿಸಿದೆ.

ಅದೇ ಕಾಯ್ದೆಯ ಇನ್ನೊಂದು ಅಂಶವನ್ನು ನಮ್ಮಲ್ಲಿ ಬಲ್ಲವರು ವಿರಳ. ಮುಂದೆ ತನಗೆ ಎಂತಹ ಚಿಕಿತ್ಸೆ ಬೇಕು, ಎಂತಹದು ಬೇಡ, ತನ್ನ ಪರವಾಗಿ ಯಾರು ನಿಲ್ಲಬೇಕು ಎಂಬುದನ್ನು ವಯಸ್ಕನು ಮುಂಚಿತವಾಗಿಯೇ ಲಿಖಿತವಾಗಿ ನಿರ್ದೇಶಿಸಬಹುದು. ಕಾನೂನಿನ ವಿಧಿವಿಧಾನಕ್ಕೆ ಕಾಯದೆ ಮನೆಯಲ್ಲೂ ಒಂದು ಹಾಳೆ ಸಿದ್ಧವಾಗಲಿ. ವಿವೇಕ ಸಾಲದವರ ಕೈಗೆ ಸಂಪತ್ತನ್ನು ಒಪ್ಪಿಸದಿರಲು ಹೇಳುವ ಅನ್ನಿಸಾ ಅಧ್ಯಾಯವು ಅವರೊಂದಿಗೆ ಒಳ್ಳೆಯ ಮಾತನ್ನಾಡಲೂ ಅದೇ ಉಸಿರಿನಲ್ಲಿ ಆದೇಶಿಸಿದೆ. ಮೊದಲರ್ಧವನ್ನು ನೆನಪಿಟ್ಟವರು ಉಳಿದರ್ಧವನ್ನು ಮರೆಯುತ್ತಾರೆ.

ಬಬಲೇಶ್ವರದಿಂದಾಗಲಿ ತಿಕೋಟಾದಿಂದಾಗಲಿ ವಿಜಯಪುರದ ಜಿಲ್ಲಾ ಆಸ್ಪತ್ರೆ ದೂರವಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹಾಳೆಯಲ್ಲಿ ಈ ಸಂಖ್ಯೆಯೂ ಇರಲಿ. ಸತತ ಎಷ್ಟು ರಾತ್ರಿ ನಿದ್ದೆ ಕಡಿಮೆಯಾದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು, ಆಗ ಚೆಕ್ ಪುಸ್ತಕ ಮತ್ತು ಬೈಕಿನ ಕೀಲಿ ಯಾರ ಬಳಿ ಇರಬೇಕು, ಯಾರು ಹೇಳಿದರೆ ತಾನು ಕೇಳುವೆನು ಎಂಬುದನ್ನು ಚೆನ್ನಾಗಿರುವಾಗ ಸ್ವತಃ ಬರೆದು, ಸಹಿ ಮಾಡಿ, ಪತ್ನಿಯ ಅಥವಾ ತಾಯಿಯ ಕೈಗೆ ಕೊಡಬೇಕು.