ಕುಡುಕನೆಂಬ ಬೈಗುಳವೂ ರೋಗಿಯೆಂಬ ಹಕ್ಕೂ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಶಿಷ್ಯನೊಬ್ಬ ಕುಡಿತಕ್ಕೆ ಬಲಿಯಾಗಿ ಇಪ್ಪತ್ತು ವರ್ಷಗಳು ಸಂದವು. ಮನೆಯವರು ದೇವರ ಆಣೆ ಹಾಕಿಸಿದ್ದರು, ತಾಯಿತ ಕಟ್ಟಿಸಿದ್ದರು. ರಾಣೇಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕಂಡಾಗ ನಾನೂ ಗದರಿಸಿದ್ದೆ. "ತಪ್ಪಾತ್ರೀ ಸರ" ಎಂದು ತಲೆ ತಗ್ಗಿಸಿದ. ವೈದ್ಯರಲ್ಲಿಗೆ ಹೋಗೆಂದು ನಮ್ಮಲ್ಲಿ ಒಬ್ಬರೂ ಹೇಳಲಿಲ್ಲ.

ನಮ್ಮ ಆ ಅಜ್ಞಾನವನ್ನು ಕಾನೂನು ತಿದ್ದಿದೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾದ ಮನೋವಿಕಾರಗಳನ್ನೂ ಕಾಯಿಲೆಯೆಂದೇ ಎಣಿಸುತ್ತದೆ. ಅದರ 18ನೆಯ ಕಲಮಿನಂತೆ ಚಿಕಿತ್ಸೆ ಹಕ್ಕು. ಬಡವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಉಚಿತ. ರೋಗಿ ಅದಕ್ಕಾಗಿ ದೂರದೂರಿಗೆ ಅಲೆಯುವಂತಾಗಕೂಡದು.

"ಕುಡಿದು ಕೆಟ್ಟವನಿಗೆ ನಮ್ಮ ತೆರಿಗೆಯ ಹಣವೇಕೆ?" ಎನ್ನುವವರುಂಟು. ಸ್ವಾಮಿ, ಪ್ರತಿ ಬಾಟಲಿಗೂ ಅಬಕಾರಿ ಸುಂಕ ತೆತ್ತವನು ಅವನೇ! 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು. ಬೊಕ್ಕಸಕ್ಕೆ ಬಂದ ಆ ಹಣದಲ್ಲಿ ಅವನ ಚಿಕಿತ್ಸೆಗೂ ಪಾಲಿರಬೇಕಾದುದು ನ್ಯಾಯ.

ಆಡಳಿತ ಹತ್ತಿರವಾಗಲೆಂದೇ 1997ರಲ್ಲಿ ಹಾವೇರಿಯನ್ನು ಧಾರವಾಡದಿಂದ ಬೇರ್ಪಡಿಸಿ ಜಿಲ್ಲೆ ಮಾಡಿದರು. ಮದ್ಯ ಊರೂರಿಗೂ ತಲುಪಿರುವಾಗ ವ್ಯಸನಮುಕ್ತಿಯ ಚಿಕಿತ್ಸೆಗೆ ಮಾತ್ರ ಧಾರವಾಡದ ಬಸ್ಸು ಹತ್ತಬೇಕೆಂಬುದು ಸಲ್ಲದು. ತಾಲೂಕು ಆಸ್ಪತ್ರೆಯಲ್ಲಿ ಕೇಳಿರಿ. ಇಲ್ಲವೆಂದರೆ ಅರ್ಜಿ ಕೊಡಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ.

ಶಿಷ್ಯರೇ, ಬಂಧುಗಳೇ, ನಾನು ಗದರಿಸಿದಂತೆ ನೀವು ಗದರಿಸಬೇಡಿ. ಕೈಹಿಡಿದು ಕರೆದೊಯ್ಯಿರಿ.