ಮರಳಿ ಕೊಟ್ಟ ರಕ್ತಕ್ಕೂ ಲೆಕ್ಕವಿರಲಿ



2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಗಿ, ನಮ್ಮ ಭಾಗದ ಬಡವರಿಗೆ ದೊಡ್ಡ ಆಸರೆಯಾಗಿದೆ. ಇಂಥ ಆಸ್ಪತ್ರೆಗಳ ದೊಡ್ಡ ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ಹರಿದ ರಕ್ತವನ್ನು ಹೀರಿ, ಗಿರಗಿರನೆ ತಿರುಗಿಸಿ, ಸಲೈನ್‌ನಲ್ಲಿ ತೊಳೆದು, ಕೆಂಪು ರಕ್ತಕಣಗಳನ್ನು ಅದೇ ರೋಗಿಗೆ ಮರಳಿಸುವ ಸೆಲ್ ಸೇವರ್ ಯಂತ್ರಗಳಿವೆ. ಎಷ್ಟು ಮಿ.ಲೀ. ಹೀರಿತು, ಎಷ್ಟು ಮರಳಿಸಿತು, ಯಾವ ಹೊತ್ತಿಗೆ ಎಂಬುದನ್ನು ಹೊಸ ಯಂತ್ರಗಳು ತಾವೇ ದಾಖಲಿಸುತ್ತವೆ. ಇಲ್ಲಿ ಹೊತ್ತೇ ಮುಖ್ಯ: ತೊಳೆದ ರಕ್ತವನ್ನು ತಂಪಿನಲ್ಲಿಡದೆ ಹೊರಗಿಟ್ಟರೆ 4 ಗಂಟೆಯೊಳಗೆ ಕೊಡಬೇಕು. ಯಂತ್ರದ ದಾಖಲೆ ಇಲ್ಲದಿದ್ದರೆ, ಆಪರೇಷನ್ ಗಡಿಬಿಡಿ ಮುಗಿದ ಮೇಲೆ ನೆನಪಿನಿಂದ ಬರೆದ ಅಂಕಿಯನ್ನು ನೆಚ್ಚುವುದು ಹೇಗೆ? ಇಂಥ ಯಂತ್ರ ಕೊಳ್ಳುವಾಗ ಸರ್ಕಾರ ಟೆಂಡರ್‌ನಲ್ಲೇ ಸ್ವಯಂಚಾಲಿತ ದಾಖಲೆಯನ್ನು ಕಡ್ಡಾಯ ಮಾಡಲಿ. ಅದರ ಪ್ರತಿ ಡಿಸ್ಚಾರ್ಜ್ ಚೀಟಿಯ ಜೊತೆ ರೋಗಿಯ ಕೈಗೂ ಸಿಗಲಿ.

— ಓದುಗ, ತೆಂಗಳಿ, ಕಲಬುರಗಿ ಜಿಲ್ಲೆ