ಕಿತ್ತ ಹಲ್ಲಿಗೆ ಸಾಕ್ಷಿ ಇಲ್ಲ: ಹಲ್ಲಿನ ಎಕ್ಸ್‌ರೇ ಬೇಡ ಅನ್ನುವ ಮುಂಚೆ

ಹೋದ ವರ್ಷ ಶೇಂಗಾ ಕೀಳುವ ಹೊತ್ತಿಗೆ ನಮ್ಮವ್ವನಿಗೆ ಎಡಗಡೆ ದವಡೆ ಹಲ್ಲು ನೋಯೋಕೆ ಶುರುವಾಯಿತು. ಮೊದಲ ವಾರ ಲವಂಗ ಇಟ್ಟುಕೊಂಡಳು. ಎರಡನೇ ವಾರ ಮೆಡಿಕಲ್ ಶಾಪಿನ ಗುಳಿಗೆ. ಮೂರನೇ ವಾರ ನಡುರಾತ್ರಿ ಎದ್ದು ಕೂಡತೊಡಗಿದಾಗ ಪೇಟೆಯ ಹಲ್ಲಿನ ದವಾಖಾನೆಗೆ ಕರಕೊಂಡು ಹೋದೆ. ಡಾಕ್ಟರು ಬಾಯಿ ನೋಡಿ, "ಒಂದು ಎಕ್ಸ್‌ರೇ ತಗಿಯೋಣು, ಇನ್ನೂರು ರೂಪಾಯಿ ಆಗತೈತಿ" ಅಂದರು. ಅವ್ವ ಕುರ್ಚಿಯಿಂದ ಎದ್ದೇ ಬಿಟ್ಟಳು.

"ಹಲ್ಲು ಕಣ್ಣಿಗೆ ಕಾಣತೈತಲ್ರಿ, ಅದಕ್ಕ ಫೋಟೋ ಯಾಕ ಬೇಕು? ರೊಕ್ಕ ಕೀಳಾಕ ಇದೊಂದು ದಾರಿ!"

ನಾನೂ ಹೂಂ ಅಂದೆ. ಪತ್ರಿಕೋದ್ಯಮ ಓದಿದವನು, ಊರಿಗೆಲ್ಲ ಬುದ್ಧಿ ಹೇಳುವವನು, ಅವತ್ತು ಅವ್ವನ ಹಿಂದೆ ಸುಮ್ಮನೆ ನಡೆದೆ. ಅದೇ ರಸ್ತೆಯಲ್ಲಿ ಇನ್ನೊಂದು ಕಡೆ ಹೋದೆವು. ಅಲ್ಲಿ ಎಕ್ಸ್‌ರೇ ಮಷಿನ್ನೇ ಇರಲಿಲ್ಲ. "ಯಾವುದು ನೋಯತೈತಿ?" ಅಂದರು. ಅವ್ವ ಬೆರಳಿಟ್ಟು ತೋರಿಸಿದಳು. ಸೂಜಿ ಚುಚ್ಚಿ ಅದನ್ನೇ ಕಿತ್ತರು. ಹತ್ತಿ ಕಚ್ಚಿಕೊಂಡು ಬಸ್ ಹತ್ತಿ ಊರಿಗೆ ಬಂದೆವು.

ಕಿತ್ತ ಗಾಯದ ನೋವು ನಾಲ್ಕು ದಿನಕ್ಕೆ ಇಳಿಯಿತು. ಐದನೇ ದಿನ ಹಳೇ ನೋವು ಮತ್ತೆ ಬಂತು.

ಅವ್ವ ಮುಂದೆ ಒಂದು ತಿಂಗಳು ಗುಳಿಗೆಯ ಮೇಲೆ ದಿನ ನೂಕಿದಳು. ಕೊನೆಗೆ ಕೆನ್ನೆ ಊದಿದಾಗ ಜಿಲ್ಲಾ ಕೇಂದ್ರಕ್ಕೆ ಹೋದೆವು. ಅಲ್ಲಿ ಎಕ್ಸ್‌ರೇ ತೆಗೆದರು. ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬರಲು ಐದಾರು ಸೆಕೆಂಡು ಹಿಡಿಯಿತೋ ಇಲ್ಲವೋ. ಕಿತ್ತ ಜಾಗದ ಪಕ್ಕದ ಹಲ್ಲು. ಅದರಲ್ಲಿ ಎಂದೋ ತುಂಬಿಸಿದ ಸಿಮೆಂಟು ಬೆಳ್ಳಗೆ ಕಾಣುತ್ತಿತ್ತು, ಅದರ ಕೆಳಗೆ ಕಪ್ಪು. ಬೇರಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಇನ್ನೊಂದು ಕಪ್ಪು. "ನೋವು ಇದರದ್ದು" ಅಂದರು ಡಾಕ್ಟರು. ಮೇಲಿಂದ ನೋಡಿದರೆ ಆ ಹಲ್ಲು ಗಟ್ಟಿಮುಟ್ಟಾಗೇ ಇತ್ತು.

ಹಾಗಾದರೆ ಕಿತ್ತ ಹಲ್ಲು? ಅದು ಕೆಟ್ಟಿತ್ತೋ ಇಲ್ಲವೋ ಈಗ ಯಾರೂ ಹೇಳಲಾರರು. ಅದರ ಫೋಟೋ ಯಾರೂ ತೆಗೆದಿರಲಿಲ್ಲ.

ಅವ್ವನ ಬೆರಳು ಸುಳ್ಳು ಹೇಳಿತಾ? ಇಲ್ಲ. ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಮೆತ್ತನೆಯ ತಿರುಳಿದೆ. ಅದು ಬಾತುಕೊಂಡಾಗ ಆಗುವ ನೋವಿಗೆ ವಿಳಾಸ ಸರಿಯಾಗಿ ಗೊತ್ತಿರುವುದಿಲ್ಲ. ಪಕ್ಕದ ಹಲ್ಲು ನೋಯ್ದಂತೆ ಅನಿಸಬಹುದು. ಕೆಳಗಿನ ಹಲ್ಲು ಕೆಟ್ಟಿದ್ದರೆ ಮೇಲಿನ ದವಡೆ ನೋಯಬಹುದು, ಕಿವಿಯೂ ನೋಯಬಹುದು. ಎಷ್ಟೋ ಜನ ಕಿವಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಾರೆ, ಕೆಟ್ಟಿರುವುದು ಹಲ್ಲು. ಅದಕ್ಕೇ ಒಳ್ಳೆಯ ಡಾಕ್ಟರು ಬೆರಳು ತೋರಿಸಿದ್ದನ್ನು ಮಾತ್ರ ನಂಬುವುದಿಲ್ಲ. ಹಲ್ಲನ್ನು ತಟ್ಟಿ ನೋಡುತ್ತಾರೆ, ತಣ್ಣನೆಯದು ಮುಟ್ಟಿಸಿ ನೋಡುತ್ತಾರೆ, ಆಮೇಲೆ ಎಕ್ಸ್‌ರೇ ಕೇಳುತ್ತಾರೆ.

ಕಣ್ಣಿಗೆ ಕಾಣುವುದು ಹಲ್ಲಿನ ಮೇಲಿನ ಭಾಗ ಮಾತ್ರ. ಬೇರು, ಅದನ್ನು ಹಿಡಿದಿರುವ ಎಲುಬು, ಎರಡು ಹಲ್ಲು ತಾಗುವ ಸಂದು, ಹಳೇ ಫಿಲ್ಲಿಂಗಿನ ತಳ ಇವು ಯಾವುವೂ ಕಾಣುವುದಿಲ್ಲ. ಗೋಡೆ ಸುಣ್ಣ ನೋಡಿ ಪಾಯ ಗಟ್ಟಿ ಇದೆ ಅಂದ ಹಾಗೆ.

ಈಗ ಆ ಮಷಿನ್ನು ಏನು ಮಾಡುತ್ತದೆ ನೋಡೋಣ. ಕೆನ್ನೆಯ ಹತ್ತಿರ ತರುವ ಉದ್ದ ಮೂತಿಯ ಡಬ್ಬಿಯೊಳಗೆ ಒಂದು ಗಾಜಿನ ಟ್ಯೂಬ್ ಇರುತ್ತದೆ. 60ರಿಂದ 70 ಸಾವಿರ ವೋಲ್ಟ್ ಒತ್ತಡದಲ್ಲಿ ಎಲೆಕ್ಟ್ರಾನುಗಳು ಓಡಿಬಂದು ಟಂಗ್‌ಸ್ಟನ್ ಲೋಹಕ್ಕೆ ಬಡಿಯುತ್ತವೆ. ಆ ಶಕ್ತಿಯಲ್ಲಿ ಹೆಚ್ಚೂಕಡಿಮೆ ಎಲ್ಲವೂ ಬಿಸಿಯಾಗಿ ಹೋಗುತ್ತದೆ, ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಎಕ್ಸ್‌ರೇ ಆಗುತ್ತದೆ. ಅದು ಕೆನ್ನೆ ದಾಟಿ, ಹಲ್ಲು ದಾಟಿ, ಬಾಯೊಳಗೆ ಇಟ್ಟ ಸೆನ್ಸರ್ ಮೇಲೆ ಬೀಳುತ್ತದೆ. ಕತ್ತಲಲ್ಲಿ ಅಂಗೈಗೆ ಟಾರ್ಚ್ ಒತ್ತಿ ಹಿಡಿದಾಗ ಬೆಳಕು ಕೆಂಪಗೆ ಆಚೆ ಬರುವುದನ್ನು ಚಿಕ್ಕವರಿದ್ದಾಗ ಎಲ್ಲರೂ ನೋಡಿದ್ದೇವೆ. ಆಚೆ ಹಾಯುವ ವಿಷಯದಲ್ಲಿ ಇದೂ ಹಾಗೇ, ಆದರೆ ಬಲ ಬಹಳ ಹೆಚ್ಚು.

ಹಲ್ಲಿನ ಹೊರಗವಚ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು. ಅದು ಎಕ್ಸ್‌ರೇಯನ್ನು ಬಹಳ ತಡೆಯುತ್ತದೆ, ಹಾಗಾಗಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಒಳಪದರ ಬೂದುಬಣ್ಣ. ತಿರುಳು ಕಪ್ಪು. ಲೋಹ ತುಂಬಿಸಿದ್ದರೆ ಹಾಲಿನಂಥ ಬಿಳಿ. ಹುಳುಕು ಹತ್ತಿದ ಜಾಗದಲ್ಲಿ ಸುಣ್ಣದ ಅಂಶ ಕರಗಿರುತ್ತದೆ, ಅಲ್ಲಿ ಎಕ್ಸ್‌ರೇ ಸಲೀಸಾಗಿ ನುಗ್ಗುತ್ತದೆ, ಕಪ್ಪು ಬೀಳುತ್ತದೆ. ಬೇರಿನ ತುದಿಯಲ್ಲಿ ಸೋಂಕಾಗಿ ಎಲುಬು ಕರಗಿದ್ದರೂ ಹಾಗೇ. ನಮ್ಮವ್ವನ ಸಾಸಿವೆ ಕಾಳು ಅದೇ.

ಅಂದಹಾಗೆ ಹುಳುಕು ಅಂದರೆ ಹುಳ ಅಲ್ಲ. ಜಾತ್ರೆಯಲ್ಲಿ ಹೊಗೆ ಹಾಕಿ ಹಲ್ಲಿನಿಂದ ಹುಳ ಬೀಳಿಸಿ ತೋರಿಸುವವರನ್ನು ನಾನೂ ನೋಡಿದ್ದೇನೆ. ಯಾವ ಎಕ್ಸ್‌ರೇಯಲ್ಲೂ ಹುಳ ಸಿಕ್ಕಿಲ್ಲ. ಸಿಹಿ, ಹಿಟ್ಟಿನ ಪದಾರ್ಥ ತಿಂದು ಬ್ಯಾಕ್ಟೀರಿಯಾಗಳು ಬಿಡುವ ಆಮ್ಲ ಹಲ್ಲನ್ನು ಕರಗಿಸುತ್ತದೆ, ಅಷ್ಟೇ.

ಮೊದಲು ಚಿತ್ರ ಬೀಳುತ್ತಿದ್ದದ್ದು ಫಿಲ್ಮಿನ ಮೇಲೆ. ಅದನ್ನು ಕತ್ತಲಲ್ಲಿ ಔಷಧಿ ನೀರಿಗೆ ಅದ್ದಿ, ತೊಳೆದು, ಒಣಗಿಸಬೇಕಿತ್ತು. ಡಿಜಿಟಲ್‌ನಲ್ಲಿ ಫಿಲ್ಮಿನ ಬದಲು ಒಂದು ಸೆನ್ಸರ್ ಇದೆ. ಗಾತ್ರದಲ್ಲಿ ಸಣ್ಣ ಚಿಕ್ಕಿಯ ತುಂಡಿನಷ್ಟು, ಹಿಂದೆ ಒಂದು ವಯರ್. ಅದರ ಮೇಲಿನ ಪದರ ಎಕ್ಸ್‌ರೇ ಬಿದ್ದಲ್ಲಿ ಮಿಣುಕುತ್ತದೆ. ಕೆಳಗಿನ ಚಿಪ್ಪಿನಲ್ಲಿ ಲಕ್ಷಗಟ್ಟಲೆ ಚುಕ್ಕಿಗಳಿರುತ್ತವೆ, ಪ್ರತಿಯೊಂದೂ ತನಗೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಬದಲಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ನೀವು ಈ ಬರಹ ಓದುತ್ತಿರುವ ಫೋನಿನ ಕ್ಯಾಮೆರಾದೊಳಗೂ ಅದೇ ಜಾತಿಯ ಚಿಪ್ಪಿದೆ. ಫ್ರಾನ್ಸಿನ ಫ್ರಾನ್ಸಿಸ್ ಮೂಯೆನ್ ಎಂಬ ದಂತವೈದ್ಯ ರೂಪಿಸಿದ ಇಂಥ ಮೊದಲ ಯಂತ್ರ 1987ರಲ್ಲಿ ಬಂತು. ಅದರ ಹೆಸರು ರೇಡಿಯೋವಿಸಿಯೋಗ್ರಫಿ. ನಮ್ಮ ಡಾಕ್ಟರುಗಳು ಇವತ್ತಿಗೂ "ಒಂದು ಆರ್‌ವಿಜಿ ತೆಗೀರಿ" ಅನ್ನುವುದು ಅದನ್ನೇ.

ಜನಕ್ಕೆ ರೊಕ್ಕದ ಅನುಮಾನಕ್ಕಿಂತ ದೊಡ್ಡದು ಹೆದರಿಕೆ. ಎಕ್ಸ್‌ರೇ ತೆಗೆಸಿದರೆ ಕ್ಯಾನ್ಸರ್ ಬರುತ್ತದೆ ಅನ್ನುವ ಮಾತು ನಮ್ಮೂರ ಕಟ್ಟೆಯಲ್ಲಿ ಮಾಮೂಲು. ಹೆದರಿಕೆ ಬುಡವಿಲ್ಲದ್ದೇನಲ್ಲ. ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ, ಜರ್ಮನಿಯ ರಾಂಟ್‌ಗನ್. ಸುಮಾರು ಎರಡು ತಿಂಗಳಲ್ಲಿ, 1896ರ ಜನವರಿಯಲ್ಲಿ ಅದೇ ದೇಶದ ದಂತವೈದ್ಯ ಒಟ್ಟೊ ವಾಲ್ಕಾಫ್ ತನ್ನ ಹಲ್ಲಿನ ಚಿತ್ರ ತಾನೇ ತೆಗೆದುಕೊಂಡ. ಅದಕ್ಕೆ 25 ನಿಮಿಷ ಅಲುಗಾಡದೆ ಇರಬೇಕಾಯಿತು. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯ ವರ್ಷಗಟ್ಟಲೆ ತನ್ನ ಕೈಯನ್ನೇ ಅಡ್ಡ ಹಿಡಿದು ಮಷಿನ್ ಸರಿಹೊಂದಿಸುತ್ತಿದ್ದ. ಮೊದಲು ಬೆರಳು ಹೋದವು, ಆಮೇಲೆ ಕೈ, ಕೊನೆಗೆ ತೋಳು.

ಈಗಿನ ಲೆಕ್ಕ ಬೇರೆ. ಮಷಿನ್ ಉರಿಯುವುದು ಸೆಕೆಂಡಿನ ಸಣ್ಣ ಚೂರು ಹೊತ್ತು. ಒಂದು ಹಲ್ಲಿನ ಡಿಜಿಟಲ್ ಎಕ್ಸ್‌ರೇಯಿಂದ ಮೈಗೆ ತಗಲುವುದು ಸಾಮಾನ್ಯವಾಗಿ 5 ಮೈಕ್ರೋಸೀವರ್ಟ್ ಆಸುಪಾಸು, ಹಲವು ಸಲ ಅದಕ್ಕಿಂತ ಕಡಿಮೆ. ಆ ಅಳತೆಯ ಹೆಸರು ಮರೆತುಬಿಡಿ, ಹೋಲಿಕೆ ನೆನಪಿಡಿ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮಗೆಲ್ಲ ದಿನಾಲೂ ವಿಕಿರಣ ತಗಲುತ್ತಲೇ ಇರುತ್ತದೆ. ಜಗತ್ತಿನ ಸರಾಸರಿ ವರ್ಷಕ್ಕೆ 2,400 ಮೈಕ್ರೋಸೀವರ್ಟ್, ಅಂದರೆ ದಿನಕ್ಕೆ ಆರೇಳು. ಒಂದು ಹಲ್ಲಿನ ಎಕ್ಸ್‌ರೇ ಅಂದರೆ ಹೊಲದಲ್ಲಿ ಒಂದು ದಿನ ಬದುಕಿದಷ್ಟು. ಗರ್ಭಿಣಿಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ತುರ್ತಿದ್ದರೆ ಆಗಲೂ ತೆಗೆಯಬಹುದು, ತುರ್ತಿಲ್ಲದ್ದನ್ನು ಮುಂದೂಡುತ್ತಾರೆ. ಎದೆಗೆ ಸೀಸದ ಏಪ್ರನ್ ಹಾಕಲಿಲ್ಲ ಅಂತ ಜಗಳ ತೆಗೆಯಬೇಕಿಲ್ಲ. ಕಿರಣ ಈಗ ಕಿರಿದಾದ ಜಾಗಕ್ಕೆ ಮಾತ್ರ ಬೀಳುವುದರಿಂದ ಅಮೆರಿಕದ ದಂತವೈದ್ಯರ ಸಂಘವೇ 2024ರಲ್ಲಿ ಏಪ್ರನ್ ಬೇಕಿಲ್ಲ ಅಂದಿದೆ. ಹಾಕಿದರೆ ಹಾಕಿಸಿಕೊಳ್ಳಿ, ನಷ್ಟವಿಲ್ಲ.

ಇಷ್ಟು ಹೇಳಿದ ಮೇಲೆ ಡಾಕ್ಟರುಗಳ ಕಡೆಗೂ ಒಂದು ಮಾತು. ಅವ್ವನ ಸಿಟ್ಟಿನಲ್ಲಿ ಅರ್ಧ ನ್ಯಾಯ ಇತ್ತು. ಬಾಗಿಲು ದಾಟಿದವರಿಗೆಲ್ಲ ಬಾಯಿ ನೋಡುವ ಮುಂಚೆಯೇ ಇಡೀ ದವಡೆಯ ದೊಡ್ಡ ಎಕ್ಸ್‌ರೇಗೆ ಚೀಟಿ ಬರೆಯುವ ಕಡೆಗಳಿವೆ. ಒಪಿಜಿ ಅನ್ನುತ್ತಾರಲ್ಲ, ತಲೆ ಸುತ್ತ ಮಷಿನ್ ತಿರುಗುತ್ತದೆ, ಅದು. ಅಡ್ಡ ಬೆಳೆದ ಬುದ್ಧಿಹಲ್ಲಿಗೆ, ದವಡೆ ಮುರಿದಾಗ, ಗುಟ್ಕಾದಿಂದ ಬಾಯಿ ತೆರೆಯಲಾಗದೆ ಸೆನ್ಸರ್ ಒಳಗೆ ಹೋಗದವರಿಗೆ ಅದು ಬೇಕು. ಒಂದು ಹಲ್ಲಿನ ನೋವಿಗೆ ಯಾಕೆ ಬೇಕು ಅಂತ ಡಾಕ್ಟರು ಬಾಯಿಬಿಟ್ಟು ಹೇಳಬೇಕು. ಮೊದಲು ಪರೀಕ್ಷೆ, ಆಮೇಲೆ ಎಕ್ಸ್‌ರೇ. ಡಿಜಿಟಲ್‌ನಲ್ಲಿ ಫಿಲ್ಮಿನ ಖರ್ಚಿಲ್ಲ, ಬಟನ್ ಒತ್ತಿದರಾಯಿತು. ಹಾಗಾಗಿಯೇ ಬೇಕಿಲ್ಲದ್ದನ್ನು ತೆಗೆಯುವ ಚಟವೂ ಬೆಳೆಯುತ್ತದೆ.

ಇನ್ನೂ ದೊಡ್ಡ ತಕರಾರು, ತೆಗೆದ ಚಿತ್ರವನ್ನು ನಮಗೆ ತೋರಿಸುವುದೇ ಇಲ್ಲ. ಪರದೆ ಅವರ ಕಡೆ ತಿರುಗಿರುತ್ತದೆ. ರೊಕ್ಕ ನಮ್ಮದು, ಹಲ್ಲು ನಮ್ಮದು. "ಸರ್, ಎಲ್ಲಿ ಕಪ್ಪೈತಿ ತೋರಿಸ್ರಿ" ಅನ್ನಿ. "ನನ್ನ ವಾಟ್ಸಾಪಿಗೆ ಕಳಸ್ರಿ" ಅನ್ನಿ. ಡಿಜಿಟಲ್ ಆದ್ದರಿಂದ ಕಳಿಸಲು ಒಂದು ನಿಮಿಷ ಸಾಕು. ನಾಳೆ ಬೇರೆ ಡಾಕ್ಟರ ಹತ್ತಿರ ಹೋದರೆ ಮತ್ತೆ ತೆಗೆಸುವ ಖರ್ಚು ಉಳಿಯಬಹುದು. ಇನ್ನೊಂದು, ಸೆನ್ಸರ್ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ಸಾಮಾನು. ಅದನ್ನು ಕುದಿಸಲು ಬರುವುದಿಲ್ಲ. ನಿಮ್ಮ ಬಾಯಿಗೆ ಇಡುವ ಮುಂಚೆ ಹೊಸ ಪ್ಲಾಸ್ಟಿಕ್ ಕವರ್ ಹಾಕುತ್ತಾರಾ ನೋಡಿಕೊಳ್ಳಿ. ಕೇಳಲು ನಾಚಿಕೆ ಬೇಡ.

ಎಕ್ಸ್‌ರೇ ಎಲ್ಲವನ್ನೂ ಹೇಳುತ್ತದೆ ಅಂತಲೂ ತಿಳಿಯಬೇಡಿ. ಅದು ನೆರಳು, ಅಷ್ಟೇ. ಈಗಷ್ಟೇ ಶುರುವಾದ ಹುಳುಕು ಅದರಲ್ಲಿ ಕಾಣದೆ ಹೋಗಬಹುದು. ಮುಖ್ಯವಾಗಿ ನಮ್ಮ ಕಡೆ ಎಲೆಅಡಿಕೆ, ತಂಬಾಕು, ಗುಟ್ಕಾ ಹಾಕುವವರ ಕೆನ್ನೆಯೊಳಗೆ ಬರುವ ಬಿಳಿ ಅಥವಾ ಕೆಂಪು ಕಲೆ, ಆರದ ಹುಣ್ಣು ಹಲ್ಲಿನ ಎಕ್ಸ್‌ರೇಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬೆಳಕು ಬಿಟ್ಟು ಕಣ್ಣಲ್ಲೇ ನೋಡಬೇಕು, ಅನುಮಾನ ಬಂದರೆ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಬೇಕು. ಎಕ್ಸ್‌ರೇ ಚೆನ್ನಾಗಿದೆ ಅಂತ ಹುಣ್ಣಿಟ್ಟುಕೊಂಡು ಮನೆಯಲ್ಲಿ ಕೂಡಬೇಡಿ.

ನನ್ನ ನಿಜವಾದ ಸಿಟ್ಟು ಸರ್ಕಾರದ ಮೇಲೆ. ಹಲ್ಲು ಹೋದ ಬಡ ಹಿರಿಯರಿಗೆ ಹಲ್ಲಿನ ಸೆಟ್ಟು ಕೊಡಲು ದಂತಭಾಗ್ಯ ಯೋಜನೆ ಮಾಡಿದ್ದಾರೆ. ಒಳ್ಳೆಯದೇ. ಆದರೆ ಇರುವ ಹಲ್ಲು ಉಳಿಸಲು ಬೇಕಾದ ಮೊದಲ ಸಾಮಾನು ಎಲ್ಲಿ? ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಕುರ್ಚಿ ಇದೆ, ಡಾಕ್ಟರು ಇದ್ದಾರೆ. ನಾನು ಹೋದ ಎರಡು ಸಲವೂ "ಎಕ್ಸ್‌ರೇ ಹೊರಗೆ ತಗಸ್ಕೊಂಡು ಬರ್ರಿ" ಅಂದರು. ಮಷಿನ್ ಗೋಡೆಗೆ ಇದೆ, ಸೆನ್ಸರ್ ಕೆಟ್ಟಿದೆಯಂತೆ. ಕಚ್ಚಿದರೆ, ವಯರ್ ಮಡಚಿದರೆ ಅದು ಕೆಡುತ್ತದೆ, ಹೊಸದು ಅಗ್ಗವಲ್ಲ. ಆದರೆ ಸೆನ್ಸರ್ ಇಲ್ಲದಾಗ ಸರ್ಕಾರಿ ಡಾಕ್ಟರಿಗೆ ಉಳಿಯುವುದು ಇಕ್ಕಳ ಮಾತ್ರ. ರೂಟ್ ಕೆನಾಲ್ ಮಾಡಬೇಕೆಂದರೆ ಬೇರು ಎಷ್ಟು ಉದ್ದ, ಎತ್ತ ಬಾಗಿದೆ ಅಂತ ನೋಡಲು ಎಕ್ಸ್‌ರೇ ಬೇಕೇ ಬೇಕು. ಅದಿಲ್ಲದೆ ಬಡವರ ಹಲ್ಲು ಕೀಳುವುದು, ಉಳ್ಳವರ ಹಲ್ಲು ಉಳಿಯುವುದು. ಕೂಲಿಗೆ ಹೋಗುವ ಹೆಂಗಸು ಮುನ್ನೂರು ರೂಪಾಯಿ ದಿನಗೂಲಿ ಬಿಟ್ಟು, ಬಸ್ಸಿಗೆ ಕೊಟ್ಟು, ಹೊರಗಿನ ಎಕ್ಸ್‌ರೇಗೆ ಇನ್ನೂರು ಎಲ್ಲಿಂದ ತಂದಾಳು? "ಕಿತ್ತ್ ಬಿಡ್ರಿ ಯಪ್ಪಾ" ಅನ್ನುತ್ತಾಳೆ. ದಾಖಲೆಯಲ್ಲಿ ಅದು ರೋಗಿಯ ಒಪ್ಪಿಗೆ.

ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಅದರ ಸದಸ್ಯರು ಯಾರು ಅಂತ ಕೇಳಿ ನೋಡಿ, ಮಜಾ ಇರುತ್ತದೆ. ನಾನು ಕೇಳಿದೆ, ಒಬ್ಬರು ಇನ್ನೊಬ್ಬರ ಕಡೆ ಬೊಟ್ಟು ಮಾಡಿದರು. ಹಾಗಾಗಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ಮೂರು ಪ್ರಶ್ನೆ: ಸೆನ್ಸರ್ ಯಾವತ್ತು ಕೆಟ್ಟಿತು, ರಿಪೇರಿಗೆ ಯಾರಿಗೆ ಯಾವಾಗ ಬರೆದಿದ್ದೀರಿ, ಕೆಟ್ಟ ದಿನದಿಂದ ಇಲ್ಲಿ ಎಷ್ಟು ಹಲ್ಲು ಕಿತ್ತಿದ್ದೀರಿ.

ಅವ್ವನ ಪಕ್ಕದ ಹಲ್ಲು ರೂಟ್ ಕೆನಾಲ್ ಆಗಿ ಉಳಿದಿದೆ. ರೊಟ್ಟಿ ಈಗ ಬಲಗಡೆಯೇ ಅಗಿಯುತ್ತಾಳೆ, ಎಡಗಡೆ ಖಾಲಿ ಜಾಗಕ್ಕೆ ನಾಲಿಗೆ ಹೋಗುತ್ತದೆ ಅನ್ನುತ್ತಾಳೆ. ಅರ್ಜಿ ಹಾಕಿ ಹದಿನೆಂಟು ದಿನ ಆಯಿತು. ಕಾನೂನಿನ ಪ್ರಕಾರ 30 ದಿನದೊಳಗೆ ಉತ್ತರ ಕೊಡಬೇಕು. ಬಂದ ದಿನ ಇಲ್ಲೇ ಹಾಕುತ್ತೇನೆ, ಬರದಿದ್ದರೂ ಹಾಕುತ್ತೇನೆ.